ಸ್ವಾತಂತ್ರ್ಯ ಉದ್ಯಾನ (ಫ್ರೀಡಂ ಪಾರ್ಕ್), ಬೆಂಗಳೂರು

ಬೆಂಗಳೂರು ನಗರದ ಕೇಂದ್ರಭಾಗದಲ್ಲಿ, ಗಾಂಧಿನಗರಕ್ಕೆ ಹೊಂದಿಕೊಂಡಂತೆ ಶೇಷಾದ್ರಿ ರಸ್ತೆಯಲ್ಲಿರುವ ಸ್ವಾತಂತ್ರ್ಯ ಉದ್ಯಾನವು ಸುಮಾರು 21 ಎಕರೆ ವಿಸ್ತೀರ್ಣದ ಸಾರ್ವಜನಿಕ ಉದ್ಯಾನವಾಗಿರುತ್ತದೆ. ನಗರದ ಇತರ ಹೆಸರಾಂತ ಉದ್ಯಾನಗಳಿಗಿಂತ ಇದರ ಹುಟ್ಟು ಭಿನ್ನವಾದುದು. ಲಾಲ್‌ಬಾಗ್ ಹೈದರ್ ಅಲಿಯ ಕಾಲದ ಅರಸು ತೋಟವಾಗಿ ಆರಂಭವಾಯಿತು. ಕಬ್ಬನ್ ಉದ್ಯಾನವು 1870ರಲ್ಲಿ ಸಾರ್ವಜನಿಕರ ವಿಹಾರಕ್ಕೆಂದೇ ರೂಪುಗೊಂಡಿತು. ಸ್ವಾತಂತ್ರ್ಯ ಉದ್ಯಾನವಿರುವ ನೆಲವಾದರೋ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೆಂಗಳೂರು ಕೇಂದ್ರ ಕಾರಾಗೃಹವಾಗಿತ್ತು. ಕಾರಾಗೃಹವು ನಗರದ ಹೊರವಲಯಕ್ಕೆ ಸ್ಥಳಾಂತರಗೊಂಡ ಬಳಿಕ ಅದರ ಆವರಣವನ್ನು ನವೀಕರಿಸಿ 2008ರ ನವೆಂಬರ್‌ನಲ್ಲಿ ಉದ್ಯಾನವನ್ನಾಗಿ ಜನರಿಗೆ ತೆರೆಯಲಾಯಿತು.

ಹಳೆಯ ಬೆಂಗಳೂರಿಗರಲ್ಲಿ ಅನೇಕರು ಇಂದಿಗೂ ಈ ಸ್ಥಳವನ್ನು 'ಹಳೇ ಜೈಲು' ಎಂದೇ ಗುರುತಿಸುತ್ತಾರೆ. ಅದು ತಪ್ಪೇನಲ್ಲ. ಗೋಡೆ, ಗೋಪುರ, ಬ್ಯಾರಕ್‌ಗಳ ಗುರುತನ್ನು ಅಳಿಸದೆ, ಅವುಗಳ ನಡುವೆಯೇ ಹುಲ್ಲುಹಾಸು, ನಡಿಗೆಯ ಹಾದಿ ಮತ್ತು ಬಯಲುಗಳನ್ನು ಅಣಿಗೊಳಿಸಿರುವುದು ಈ ಉದ್ಯಾನದ ವಿಶೇಷ. ಈ ನೆಲದ ಇತಿಹಾಸವನ್ನು ಸ್ವಲ್ಪಮಟ್ಟಿಗಾದರೂ ತಿಳಿದು ಬರುವ ಸಂದರ್ಶಕರಿಗೆ ಇಲ್ಲಿ ಕಾಣಸಿಗುವುದು ಹೆಚ್ಚು.

ಕಾರಾಗೃಹದ ಸ್ಥಾಪನೆ ಮತ್ತು ರಚನೆ

ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಕಾಲದಲ್ಲಿ, 1860ರ ದಶಕದಲ್ಲಿ, ಈ ಕಾರಾಗೃಹವು ನಿರ್ಮಾಣವಾಯಿತು. ಆಗ ಕಮಿಷನರರಾಗಿದ್ದವರು ಲೂಯಿನ್ ಬೌರಿಂಗ್. ಅಠಾರಾ ಕಚೇರಿಯ ಕೆಂಪು ಕಟ್ಟಡ ಮೇಲೆದ್ದದ್ದೂ ಇದೇ ದಶಕದಲ್ಲಿ. ಕಚೇರಿ, ನ್ಯಾಯಾಲಯ, ಸೆರೆಮನೆ ಇವು ಒಂದಕ್ಕೊಂದು ಸಮೀಪದಲ್ಲಿರುವಂತೆ ಅಂದಿನ ಆಡಳಿತವು ನಗರದ ಈ ಭಾಗವನ್ನು ಕಟ್ಟಿಕೊಂಡಿತು. ಆ ಕಾಲಕ್ಕೆ ಇದು ಪೇಟೆಗೂ ದಂಡು ಪ್ರದೇಶಕ್ಕೂ ನಡುವಣ ತೆರವಾದ ಜಾಗ. ಮುಂದೆ ನಗರವು ಬೆಳೆದು ಅದನ್ನು ಎಲ್ಲ ಕಡೆಯಿಂದಲೂ ಸುತ್ತುವರಿದ ಕಾರಣ ಕಾರಾಗೃಹವು ನಗರದ ನಡುಮಧ್ಯಕ್ಕೆ ಬಂದಂತಾಯಿತು.

ಕಾರಾಗೃಹದ ನಕ್ಷೆಯು ಗಮನಿಸತಕ್ಕದ್ದಾಗಿದೆ. ಆವರಣದ ನಡುವೆ ಒಂದು ಕಾವಲು ಗೋಪುರ. ಅದರಿಂದ ಗಾಲಿಯ ಅರಗಳಂತೆ ಹೊರಕ್ಕೆ ಚಾಚಿದ ಬ್ಯಾರಕ್‌ಗಳ ಸಾಲು. ಎಲ್ಲವನ್ನೂ ಬಳಸಿ ನಿಂತ ಎತ್ತರದ ಕಲ್ಲುಗೋಡೆ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1791ರಲ್ಲಿ ಪ್ರಕಟಿಸಿದ ಆದರ್ಶ ಸೆರೆಮನೆಯ ಕಲ್ಪನೆಗೆ ಈ ರಚನೆಯು ಹತ್ತಿರವಾದುದು. ಮಧ್ಯದಲ್ಲಿ ನಿಂತ ಒಬ್ಬನೇ ಕಾವಲುಗಾರನು ಸುತ್ತಲಿನ ನೂರಾರು ಬಂದಿಗಳ ಮೇಲೆ ಕಣ್ಣಿಡಬಹುದು. ಅವನು ಯಾವ ಕ್ಷಣದಲ್ಲಿ ಯಾರತ್ತ ನೋಡುತ್ತಿರುವನೆಂಬುದು ಬಂದಿಗಳಿಗೆ ತಿಳಿಯದು. ಹೀಗಾಗಿ ನೋಡದಿರುವಾಗಲೂ ನೋಡುತ್ತಿರುವನೆಂದೇ ಅವರು ನಡೆದುಕೊಳ್ಳಬೇಕು. ಈ ತತ್ವದಲ್ಲಿ ಕಟ್ಟಿದ ಸೆರೆಮನೆಗಳು ಪ್ರಪಂಚದ ಹಲವೆಡೆ ಇವೆ. ಅವುಗಳಲ್ಲೊಂದರ ಗೋಪುರದ ಬುಡದಲ್ಲಿ ಇಂದು ಮಕ್ಕಳು ಕಣ್ಣಾಮುಚ್ಚಾಲೆ ಆಡುವುದನ್ನು ಕಾಣಬೇಕಾದರೆ ಬೆಂಗಳೂರಿಗೆ ಬರಬೇಕು.

ಸ್ವಾತಂತ್ರ್ಯ ಸಂಗ್ರಾಮದ ಕಾಲ

ಉದ್ಯಾನಕ್ಕೆ ಇಟ್ಟಿರುವ ಹೆಸರು ಅಲಂಕಾರಕ್ಕಾಗಿ ಆರಿಸಿದ್ದಲ್ಲ. ರಾಷ್ಟ್ರೀಯ ಚಳವಳಿಯಲ್ಲಿ ತೊಡಗಿದ್ದ ಮೈಸೂರು ಸಂಸ್ಥಾನದ ಅನೇಕರು ಈ ಗೋಡೆಗಳ ಒಳಗೆ ಕಾಲ ಕಳೆದರು. 1942ರ ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಆರಂಭವಾದಾಗ ಬೆಂಗಳೂರಿನ ವಿದ್ಯಾರ್ಥಿಗಳು, ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಬಂಧಿತರಾದರು. ಆಗ ಯುವ ಅಧ್ಯಾಪಕರಾಗಿದ್ದ ಎಚ್.ಎಸ್. ದೊರೆಸ್ವಾಮಿಯವರು ಸುಮಾರು 14 ತಿಂಗಳು ಇಲ್ಲಿ ಸೆರೆವಾಸ ಅನುಭವಿಸಿದರು.

ಈ ಕಾರಾಗೃಹದ ಚರಿತ್ರೆಯಲ್ಲಿ ಅತ್ಯಂತ ಭಾರವಾದ ದಿನಗಳೆಂದರೆ 1943ರ ಮಾರ್ಚ್ 8, 9 ಮತ್ತು 10. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮದ ಐವರನ್ನು ಆ ಮೂರು ದಿನಗಳಲ್ಲಿ ಇಲ್ಲಿ ಗಲ್ಲಿಗೇರಿಸಲಾಯಿತು. ಈಸೂರಿನ ಜನರು 1942ರ ಸೆಪ್ಟೆಂಬರ್‌ನಲ್ಲಿ ಕಂದಾಯ ಕೊಡಲು ನಿರಾಕರಿಸಿ, ಊರಿನ ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜವನ್ನೇರಿಸಿ, ತಮ್ಮ ಗ್ರಾಮವು ಸ್ವತಂತ್ರವೆಂದು ಸಾರಿದರು. ಊರ ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿದರು. ಸರ್ಕಾರದ ಅಮಲ್ದಾರರು ಪೊಲೀಸರೊಡನೆ ಗ್ರಾಮಕ್ಕೆ ಬಂದಾಗ ಘರ್ಷಣೆಯುಂಟಾಗಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಕೊಲ್ಲಲ್ಪಟ್ಟರು. ಅದರ ಬೆನ್ನಲ್ಲೇ ಗ್ರಾಮದ ಮೇಲೆ ಸರ್ಕಾರವು ಕಠಿಣ ಕ್ರಮ ಕೈಗೊಂಡಿತು. ಜನರು ಮನೆ ತೊರೆದು ಕಾಡು ಸೇರಿದರು. ವಿಚಾರಣೆಯ ನಂತರ ಮಹಿಳೆಯರೂ ಸೇರಿದಂತೆ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಕೆ. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ ಮತ್ತು ಗೌಡ್ರ ಶಂಕರಪ್ಪ ಇವರಿಗೆ ಮರಣದಂಡನೆ ಜಾರಿಯಾಯಿತು.

ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಒಂದು ಮಲೆನಾಡ ಸೆರಗಿನ ಹಳ್ಳಿಗೂ ಬೆಂಗಳೂರಿನ ಈ ನೆಲಕ್ಕೂ ಇರುವ ಸಂಬಂಧ ಇದು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಅಂದಿನ ಘೋಷಣೆಯನ್ನು ಶಾಲಾ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಆ ಕಥೆಯ ಕೊನೆಯ ಭಾಗ ನಡೆದದ್ದು ಎಲ್ಲಿ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಶಿಕ್ಷಕರು ಈ ಸಂಗತಿಯನ್ನು ಆವರಣದೊಳಗೇ ನಿಂತು ತಿಳಿಸುವುದು ಸೂಕ್ತ.

ತುರ್ತು ಪರಿಸ್ಥಿತಿಯ ಕಾಲ

ಸ್ವಾತಂತ್ರ್ಯ ಬಂದ ನಂತರವೂ ಈ ಕಾರಾಗೃಹವು ರಾಜಕೀಯ ಬಂದಿಗಳನ್ನು ಕಂಡಿತು. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಿದಾಗ, ಪಕ್ಷಾಂತರ ನಿಷೇಧ ಮಸೂದೆಗೆ ಸಂಬಂಧಿಸಿದ ಸಂಸದೀಯ ಸಮಿತಿಯ ಸಭೆಗೆಂದು ಕೆಲವು ಸಂಸದರು ಬೆಂಗಳೂರಿಗೆ ಬಂದು ಶಾಸಕರ ಭವನದಲ್ಲಿ ತಂಗಿದ್ದರು. ಮರುದಿನ ಬೆಳಿಗ್ಗೆ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಇವರನ್ನು ಬಂಧಿಸಿ ಈ ಕಾರಾಗೃಹಕ್ಕೆ ತರಲಾಯಿತು. ವಾಜಪೇಯಿಯವರನ್ನು ಅನಾರೋಗ್ಯದ ಕಾರಣ ಮುಂದೆ ದೆಹಲಿಗೆ ಕಳುಹಿಸಲಾಯಿತು. ಅಡ್ವಾಣಿಯವರು ಬಂಧನದ ಅವಧಿಯ ಬಹುಭಾಗವನ್ನು ಇಲ್ಲಿಯೇ ಕಳೆದು, ದಿನಚರಿಯ ಟಿಪ್ಪಣಿಗಳನ್ನು ಬರೆದಿಟ್ಟರು. ಅವು ನಂತರ ಪುಸ್ತಕವಾಗಿ ಪ್ರಕಟಗೊಂಡವು. ದಂಡವತೆಯವರು ಇಲ್ಲಿದ್ದಾಗ ಅವರ ಪತ್ನಿ ಪ್ರಮೀಳಾ ದಂಡವತೆಯವರು ಪುಣೆಯ ಯರವಡಾ ಕಾರಾಗೃಹದಲ್ಲಿದ್ದರು. ಒಂದು ಸೆರೆಮನೆಯಿಂದ ಇನ್ನೊಂದಕ್ಕೆ ದಂಪತಿಗಳ ಪತ್ರವ್ಯವಹಾರ ನಡೆಯುತ್ತಿತ್ತು. 1977ರ ಮಾರ್ಚ್‌ನಲ್ಲಿ ಹೊಸ ಸರ್ಕಾರ ರಚನೆಯಾದಾಗ ಈ ನಾಲ್ವರಲ್ಲಿ ಮೂವರು ಕೇಂದ್ರ ಸಂಪುಟದ ಸಚಿವರಾಗಿದ್ದರು. ಕರ್ನಾಟಕದ ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ ಮುಂತಾದ ನಾಯಕರೂ ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದವರು.

ಹೊರಬಂದು ಅಧಿಕಾರ ಕಂಡವರ ಹೆಸರುಗಳು ಸಹಜವಾಗಿ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ. ಆದರೆ ಈ ಆವರಣದ ಬಗ್ಗೆ ಬರೆಯುವಾಗ ಸ್ನೇಹಲತಾ ರೆಡ್ಡಿಯವರ ಹೆಸರನ್ನು ಬಿಡುವಂತಿಲ್ಲ. ರಂಗಭೂಮಿಯಲ್ಲಿ ದುಡಿದ, ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ ಕಲಾವಿದೆ ಅವರು. 1976ರ ಮೇ ತಿಂಗಳಿನಲ್ಲಿ ಅವರನ್ನು ಬಂಧಿಸಿ ಈ ಕಾರಾಗೃಹದಲ್ಲಿ ಇರಿಸಲಾಯಿತು. ಬರೋಡಾ ಡೈನಮೈಟ್ ಪ್ರಕರಣದ ಹಿನ್ನೆಲೆಯಲ್ಲಿ ಬಂಧನವಾಗಿದ್ದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ತೀವ್ರವಾದ ಉಬ್ಬಸದಿಂದ ಬಳಲುತ್ತಿದ್ದ ಅವರನ್ನು ಸುಮಾರು ಎಂಟು ತಿಂಗಳು ಸೆರೆಯಲ್ಲಿಡಲಾಯಿತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ನರಳಾಟ ತಮ್ಮ ಕೋಣೆಗೆ ಕೇಳಿಬರುತ್ತಿತ್ತೆಂದು ದಂಡವತೆಯವರು ಮುಂದೆ ನೆನೆದಿದ್ದಾರೆ. ಆ ಸ್ಥಿತಿಯಲ್ಲೂ ಸ್ನೇಹಲತಾ ಅವರು ಜೊತೆಯ ಮಹಿಳಾ ಬಂದಿಗಳ ಊಟ, ಅವರಿಗೆ ಬೀಳುತ್ತಿದ್ದ ಹೊಡೆತ ಇವುಗಳ ಬಗ್ಗೆ ಅಧಿಕಾರಿಗಳೊಡನೆ ವಾದಿಸಿದರು. ಸೆರೆಯ ದಿನಚರಿಯನ್ನೂ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಡುಗಡೆಯಾದ ಅವರು ಐದೇ ದಿನಗಳಲ್ಲಿ, ಜನವರಿ 20ರಂದು ನಿಧನರಾದರು. ತುರ್ತು ಪರಿಸ್ಥಿತಿ ಕೊನೆಗೊಂಡದ್ದು ಅದೇ ವರ್ಷ ಮಾರ್ಚ್ 21ರಂದು.

ಕಾರಾಗೃಹದಿಂದ ಉದ್ಯಾನಕ್ಕೆ

ನಗರ ಬೆಳೆದಂತೆ ಕೇಂದ್ರಭಾಗದ ಈ ಕಾರಾಗೃಹದಲ್ಲಿ ಸ್ಥಳಾವಕಾಶ ಸಾಲದಾಯಿತು. ಹೊಸೂರು ರಸ್ತೆಯ ಸಮೀಪದ ಪರಪ್ಪನ ಅಗ್ರಹಾರದಲ್ಲಿ ನೂತನ ಕಾರಾಗೃಹವು ಸಿದ್ಧವಾಗಿ, 2000ನೇ ಇಸವಿಯಲ್ಲಿ ಕೇಂದ್ರ ಕಾರಾಗೃಹವು ಅಲ್ಲಿಗೆ ವರ್ಗಾವಣೆಗೊಂಡಿತು. ಹಳೆಯ ಆವರಣ ಬರಿದಾಯಿತು.

ಮೆಜೆಸ್ಟಿಕ್‌ಗೂ ವಿಧಾನಸೌಧಕ್ಕೂ ನಡುವೆ ಇಪ್ಪತ್ತಕ್ಕೂ ಹೆಚ್ಚು ಎಕರೆ ತೆರವಾದ ಜಾಗವೆಂದರೆ ಅದರ ಬೆಲೆ ಎಷ್ಟೆಂಬುದನ್ನು ಬೆಂಗಳೂರಿನ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಜಾಗವನ್ನು ಕಟ್ಟಡಗಳಿಗೆ ಬಿಟ್ಟುಕೊಡದೆ ಸಾರ್ವಜನಿಕ ಉದ್ಯಾನಕ್ಕೆ ಮೀಸಲಿಟ್ಟದ್ದು ನಗರದ ಇತ್ತೀಚಿನ ಚರಿತ್ರೆಯಲ್ಲಿ ಅಪರೂಪದ ನಿರ್ಧಾರ. ಉದ್ಯಾನದ ವಿನ್ಯಾಸಕ್ಕಾಗಿ ನಗರಪಾಲಿಕೆಯು ಸ್ಪರ್ಧೆಯನ್ನು ಏರ್ಪಡಿಸಿ, ಬೆಂಗಳೂರಿನ ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪ ಸಂಸ್ಥೆಯ ಯೋಜನೆಯನ್ನು ಆರಿಸಿಕೊಂಡಿತು. ವಿನ್ಯಾಸಕಾರರ ಮುಂದೆ ಎರಡು ಸುಲಭದ ದಾರಿಗಳಿದ್ದವು: ಎಲ್ಲವನ್ನೂ ಕೆಡವಿ ನೆಲ ಸಮತಟ್ಟು ಮಾಡಿ ಹೂದೋಟ ಬೆಳೆಸುವುದು, ಇಲ್ಲವೇ ಇಡೀ ಸೆರೆಮನೆಯನ್ನು ಬೀಗ ಹಾಕಿದ ವಸ್ತುಸಂಗ್ರಹಾಲಯದಂತೆ ಕಾಪಿಡುವುದು. ಅವರು ಎರಡನ್ನೂ ಬಿಟ್ಟರು. ಕಾವಲು ಗೋಪುರ, ಆವರಣದ ಗೋಡೆಯ ಭಾಗಗಳು ಮತ್ತು ಕೆಲವು ಬ್ಯಾರಕ್‌ಗಳನ್ನು ಉಳಿಸಿಕೊಂಡು, ಸೆರೆಮನೆಯ ಮೂಲ ನಕ್ಷೆಯ ಗೆರೆಗಳನ್ನೇ ಉದ್ಯಾನದ ಗೆರೆಗಳನ್ನಾಗಿ ಮಾಡಿಕೊಂಡರು. ಬಂದಿಗಳ ಬ್ಯಾರಕ್‌ಗಳು ಹರಡಿಕೊಂಡಿದ್ದ ದಿಕ್ಕುಗಳಲ್ಲಿಯೇ ಇಂದು ಸಂದರ್ಶಕರು ಅಡ್ಡಾಡುತ್ತಾರೆ.

ಉದ್ಯಾನದಲ್ಲಿ ನೋಡತಕ್ಕವು

ಮೊದಲು ಕಾವಲು ಗೋಪುರದ ಬಳಿಗೆ ಹೋಗುವುದು ಒಳ್ಳೆಯದು. ಆವರಣದ ಬೇರೆ ಯಾವ ಮೂಲೆಯಲ್ಲಿ ನಿಂತರೂ ಸೆರೆಮನೆಯ ರಚನೆ ಇಡಿಯಾಗಿ ಅರ್ಥವಾಗುವುದಿಲ್ಲ. ಗೋಪುರದ ಪಕ್ಕದಲ್ಲಿ ನಿಂತು ಸುತ್ತ ಒಮ್ಮೆ ತಿರುಗಿ ನೋಡಿದರೆ ಸಾಕು, ಅರಗಳಂತೆ ಹರಡಿದ ನಕ್ಷೆಯು ಕಣ್ಣಿಗೆ ಕಟ್ಟುತ್ತದೆ. ಅನಂತರ ಅದೇ ಗೆರೆಗಳಲ್ಲೊಂದನ್ನು ಹಿಡಿದು ಗೋಡೆಯವರೆಗೆ ನಡೆದು, ಅಲ್ಲಿಂದ ಗೋಪುರದತ್ತ ಹಿಂತಿರುಗಿ ನೋಡಬೇಕು. ಮೊದಲನೆಯದು ಕಾವಲುಗಾರನ ನೋಟ, ಎರಡನೆಯದು ಬಂದಿಯ ನೋಟ. ಇವೆರಡರ ಅಂತರವನ್ನು ಯಾವ ಮಾಹಿತಿ ಫಲಕವೂ ಇಷ್ಟು ಚೆನ್ನಾಗಿ ವಿವರಿಸಲಾರದು.

ಉಳಿಸಿಕೊಂಡಿರುವ ಬ್ಯಾರಕ್‌ಗಳಲ್ಲಿ ಸೆರೆವಾಸದ ದಿನಗಳನ್ನು ನೆನಪಿಸುವ ಬಂದಿಗಳ ಪ್ರತಿಮೆಗಳನ್ನು ಇರಿಸಲಾಗಿದೆ. ಚಿಕ್ಕ ಮಕ್ಕಳು ಅವನ್ನು ಕಂಡು ಬೆರಗಾಗುವುದುಂಟು, ಕೆಲವೊಮ್ಮೆ ಅಂಜುವುದೂ ಉಂಟು. ದಪ್ಪ ಗೋಡೆ, ಎತ್ತರದಲ್ಲಿರುವ ಕಿರಿದಾದ ಕಿಂಡಿ, ಸರಳಿನ ಬಾಗಿಲು ಇವುಗಳನ್ನು ಗಮನಿಸಬೇಕು. ಹೊರಗೆ ಬಿಸಿಲಿರುವ ಮಧ್ಯಾಹ್ನವೂ ಒಳಗಿನ ಗಾಳಿ ಬೇರೆಯೇ ಆಗಿರುತ್ತದೆ.

ಉದ್ಯಾನದಲ್ಲಿ ನಡಿಗೆ ಮತ್ತು ಓಟಕ್ಕಾಗಿ ಪಥ, ಮಕ್ಕಳ ಆಟದ ಜಾಗ, ಹುಲ್ಲುಹಾಸು, ಬಯಲು ರಂಗಮಂದಿರ ಇವೆ. ಪುಷ್ಪಪ್ರದರ್ಶನ, ಅಪೂರ್ವ ಸಸ್ಯಸಂಪತ್ತು ಇವುಗಳನ್ನು ಅರಸಿ ಬರುವವರಿಗೆ ಲಾಲ್‌ಬಾಗ್ ಹೆಚ್ಚು ತೃಪ್ತಿ ಕೊಟ್ಟೀತು. ವಿಶಾಲವಾದ ಮರಗಳ ಅಡಿಯಲ್ಲಿ ಬಹಳ ಹೊತ್ತು ನಡೆಯಬಯಸುವವರಿಗೆ ಕಬ್ಬನ್ ಉದ್ಯಾನ ಹತ್ತಿರದಲ್ಲೇ ಇದೆ. ಈ ಉದ್ಯಾನದ ಆಕರ್ಷಣೆ ತೆರವಿನದು. ನಗರದ ಅತ್ಯಂತ ದಟ್ಟಣೆಯ ಭಾಗದಲ್ಲಿ, ನಾಲ್ಕು ಹೆಜ್ಜೆ ಒಳಗೆ ಬಂದರೆ ತಲೆಯ ಮೇಲೆ ದೊಡ್ಡದಾದ ಆಕಾಶ ಕಾಣುತ್ತದೆ. ಬಂದಿಗಳು ಹೊರಗಿನ ಲೋಕವನ್ನು ಕಾಣದಿರಲೆಂದು ಎಬ್ಬಿಸಿದ ಗೋಡೆಯೇ ಈಗ ರಸ್ತೆಯ ಸದ್ದನ್ನು ಒಂದಷ್ಟು ಹೊರಗೆ ತಡೆಯುತ್ತದೆ. ಬೆಳಗಿನ ಹೊತ್ತು ಗಾಂಧಿನಗರದ ಹಿರಿಯ ನಾಗರಿಕರು, ಮಧ್ಯಾಹ್ನ ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳು, ಸಂಜೆ ಮಕ್ಕಳೊಡನೆ ಬರುವ ಕುಟುಂಬಗಳು ಈ ಗೋಡೆಯ ಉಪಕಾರವನ್ನು ಪಡೆಯುತ್ತಾರೆ.

ಧರಣಿ ಮತ್ತು ಪ್ರತಿಭಟನೆಗಳ ಸ್ಥಳ

ಸ್ವಾತಂತ್ರ್ಯ ಉದ್ಯಾನದ ಒಂದು ಭಾಗವನ್ನು ಸಭೆ, ಧರಣಿ ಮತ್ತು ಪ್ರತಿಭಟನೆಗಳಿಗಾಗಿ ಮೀಸಲಿಡಲಾಗಿದೆ. ಉದ್ಯಾನವೊಂದರಲ್ಲಿ ಇಂತಹ ಏರ್ಪಾಡು ಇರುವುದು ವಿರಳ. ಮೊದಲಿನಿಂದಲೂ ಬೆಂಗಳೂರಿನಲ್ಲಿ ಪ್ರತಿಭಟನೆಗಳು ಪುರಭವನದ ಮುಂದೆ, ಮೈಸೂರು ಬ್ಯಾಂಕ್ ವೃತ್ತದಲ್ಲಿ, ಮೌರ್ಯ ವೃತ್ತದ ಗಾಂಧಿ ಪ್ರತಿಮೆಯ ಬಳಿ ನಡೆಯುತ್ತಿದ್ದವು. ಉದ್ಯಾನವು ತೆರೆದ ಮೇಲೆ ಅವುಗಳಲ್ಲಿ ಬಹಳಷ್ಟು ಇಲ್ಲಿಗೆ ಬಂದವು. 2011ರ ಆಗಸ್ಟ್‌ನಲ್ಲಿ ಅಣ್ಣಾ ಹಜಾರೆಯವರು ದೆಹಲಿಯಲ್ಲಿ ಉಪವಾಸ ಕುಳಿತಾಗ ಬೆಂಗಳೂರಿನಲ್ಲಿ ಅದಕ್ಕೆ ಬೆಂಬಲವಾಗಿ ಸಾವಿರಾರು ಜನ ದಿನವೂ ಸೇರಿದ್ದು ಈ ಉದ್ಯಾನದಲ್ಲಿ. 2017ರ ಮಾರ್ಚ್‌ನಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗೌರವಧನ ಹೆಚ್ಚಳಕ್ಕಾಗಿ ಹಗಲೂ ಇರುಳೂ ಇಲ್ಲಿ ಮತ್ತು ಶೇಷಾದ್ರಿ ರಸ್ತೆಯಲ್ಲಿ ಕುಳಿತರು. ಕೆಲವರ ಮಡಿಲಲ್ಲಿ ಕೂಸುಗಳಿದ್ದವು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ದಿನ ಧರಣಿ ನಡೆಸಿ, ತಿಂಗಳಿಗೆ ಕನಿಷ್ಠ 10,000 ರೂಪಾಯಿಗಳ ಭರವಸೆಯೊಡನೆ ಊರಿಗೆ ಮರಳಿದರು.

ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ರಾತ್ರಿಯ ರೈಲಿನಲ್ಲಿ ಹೊರಟು ಮುಂಜಾನೆ ಬೆಂಗಳೂರು ನಿಲ್ದಾಣದಲ್ಲಿ ಇಳಿಯುವ ಸಂಘಟನೆಗಳ ಸದಸ್ಯರು ಮೆಜೆಸ್ಟಿಕ್‌ನಿಂದ ಸಾಲಾಗಿ ನಡೆದು ಬರುವುದು ಈ ಭಾಗದ ನಿವಾಸಿಗಳಿಗೆ ಪರಿಚಿತ ದೃಶ್ಯ. ಕೈಯಲ್ಲಿ ಚೀಲ, ಬುತ್ತಿ, ಸುತ್ತಿಟ್ಟ ಚಾಪೆ. ಅವರಲ್ಲಿ ಅನೇಕರಿಗೆ ರಾಜಧಾನಿಯಲ್ಲಿ ಗೊತ್ತಿರುವ ಸ್ಥಳವೆಂದರೆ ಇದೊಂದೇ ಆಗಿರುತ್ತದೆ. ಇಂಥವರು ಸೇರುವ ದಿನಗಳಲ್ಲಿ ಅತ್ಯಗತ್ಯವಾದವು ನೆರಳು, ಕುಡಿಯುವ ನೀರು ಮತ್ತು ಶೌಚಾಲಯ. ಹೂಕುಂಡಗಳ ಲೆಕ್ಕಕ್ಕಿಂತ ಈ ಮೂರರ ಸ್ಥಿತಿಯಿಂದ ಉದ್ಯಾನದ ನಿರ್ವಹಣೆಯನ್ನು ಅಳೆಯುವುದು ನ್ಯಾಯ.

ಪ್ರತಿಭಟನೆಗಳಿಂದ ನಗರದ ಸಂಚಾರಕ್ಕೆ ಉಂಟಾಗುವ ಅಡಚಣೆಯ ವಿಷಯವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅದೇ ವರ್ಷ ಬೆಂಗಳೂರು ನಗರದಲ್ಲಿ ಧರಣಿ, ಪ್ರತಿಭಟನೆ ಮತ್ತು ಮೆರವಣಿಗೆಗಳ ಪರವಾನಗಿ ಹಾಗೂ ನಿಯಂತ್ರಣಕ್ಕೆ ಸಂಬಂಧಿಸಿದ ಆದೇಶವು ಹೊರಬಂದಿತು. ಅದರಂತೆ ನಗರದಲ್ಲಿ ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನದಲ್ಲಿ ಮಾತ್ರ, ಪೊಲೀಸರ ಪೂರ್ವಾನುಮತಿ ಪಡೆದು ನಡೆಸತಕ್ಕದ್ದು ಎಂದಾಯಿತು. 2022ರಲ್ಲಿ ನ್ಯಾಯಾಲಯವು ಇದನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಸೂಚಿಸಿತು.

ಈ ಏರ್ಪಾಡಿನ ಬಗ್ಗೆ ಜನರಲ್ಲಿ ಒಮ್ಮತವಿರುವುದಿಲ್ಲ. ಆಸ್ಪತ್ರೆಗೆ, ಶಾಲೆಗೆ, ಕೆಲಸಕ್ಕೆ ಹೋಗುವವರು ಗಂಟೆಗಟ್ಟಲೆ ರಸ್ತೆಯಲ್ಲಿ ಸಿಲುಕುವುದು ತಪ್ಪಿತೆಂಬುದು ಒಂದು ಕಡೆಯ ವಾದ. ಸಂವಿಧಾನದ 19ನೇ ಅನುಚ್ಛೇದವು ಆಯುಧಗಳಿಲ್ಲದೆ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ನೀಡಿರುವಾಗ, ಕೋಟಿಗೂ ಹೆಚ್ಚು ಜನರಿರುವ ನಗರದಲ್ಲಿ ಆ ಹಕ್ಕನ್ನು ಒಂದೇ ಆವರಣದ ಒಳಗೆ, ಅದರಲ್ಲೂ ಹಿಂದೆ ಸೆರೆಮನೆಯಾಗಿದ್ದ ಗೋಡೆಗಳ ಒಳಗೆ ಸೀಮಿತಗೊಳಿಸುವುದು ಸರಿಯೇ ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳದ ಪ್ರತಿಭಟನೆ ಯಾರನ್ನು ತಲುಪೀತು ಎಂದು ಅವರು ಕೇಳುತ್ತಾರೆ. ಅದೇ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆಯ ಹಿತದೃಷ್ಟಿಯಿಂದ ಯುಕ್ತವಾದ ನಿರ್ಬಂಧಗಳಿಗೂ ಅವಕಾಶ ಕೊಟ್ಟಿದೆ. ಯುಕ್ತವೆಂಬ ಪದದ ಅಳತೆ ಎಷ್ಟೆಂಬುದೇ ಇಲ್ಲಿನ ಚರ್ಚೆಯ ತಿರುಳು. ದೆಹಲಿಯ ಜಂತರ್ ಮಂತರ್ ಕುರಿತ 2018ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿಭಟಿಸುವವರ ಹಕ್ಕು ಮತ್ತು ಸುತ್ತಲಿನ ನಿವಾಸಿಗಳ ಹಕ್ಕು ಎರಡನ್ನೂ ಸರಿದೂಗಿಸಬೇಕೆಂದು ಹೇಳಿತ್ತು.

1942ರಲ್ಲಿ ಇದೇ ಆವರಣದಲ್ಲಿ ಬಂದಿಯಾಗಿದ್ದ ದೊರೆಸ್ವಾಮಿಯವರು ತುರ್ತು ಪರಿಸ್ಥಿತಿಯಲ್ಲಿ ಪ್ರಧಾನಿಯವರಿಗೆ ಕಟುವಾದ ಪತ್ರ ಬರೆದು ಮತ್ತೆ ನಾಲ್ಕು ತಿಂಗಳು ಸೆರೆಮನೆ ಕಂಡರು. ನೂರು ವರ್ಷ ದಾಟಿದ ಮೇಲೂ ಅವರು ಧರಣಿಗಳಲ್ಲಿ ಭಾಗವಹಿಸಲು ಸ್ವಾತಂತ್ರ್ಯ ಉದ್ಯಾನಕ್ಕೆ ಬರುತ್ತಿದ್ದರು. ಯುವಕನಾಗಿದ್ದಾಗ ಬಲವಂತವಾಗಿ ಕರೆತಂದಿದ್ದ ಜಾಗಕ್ಕೆ ಮುಪ್ಪಿನಲ್ಲಿ ತಾವಾಗಿಯೇ ಬಂದು ಕುಳಿತ ಅವರು 2021ರ ಮೇ 26ರಂದು, 103ನೇ ವಯಸ್ಸಿನಲ್ಲಿ ನಿಧನರಾದರು.

ಸಂದರ್ಶಕರಿಗೆ ಸೂಚನೆಗಳು

ಉದ್ಯಾನವು ಕೆಂಪೇಗೌಡ ಬಸ್ ನಿಲ್ದಾಣ ಮತ್ತು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಗಳಿಂದ ನಡೆದು ಬರಬಹುದಾದ ದೂರದಲ್ಲಿದೆ. 'ನಮ್ಮ ಮೆಟ್ರೋ' ನೇರಳೆ ಮಾರ್ಗದಲ್ಲಿ ಬರುವವರು ಸರ್ ಎಂ. ವಿಶ್ವೇಶ್ವರಯ್ಯ ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ, ಹಸಿರು ಮಾರ್ಗದಲ್ಲಿ ಬರುವವರು ಮೆಜೆಸ್ಟಿಕ್ ನಿಲ್ದಾಣದಲ್ಲಿ ಇಳಿಯಬಹುದು. ಸ್ವಂತ ವಾಹನಗಳಿಗೆ ಉದ್ಯಾನದ ಪಕ್ಕದಲ್ಲಿ ಬಹುಮಹಡಿ ವಾಹನ ನಿಲುಗಡೆ ಕಟ್ಟಡವಿದೆ. ಆದಾಗ್ಯೂ ಶೇಷಾದ್ರಿ ರಸ್ತೆಯ ಸಂಚಾರ ದಟ್ಟಣೆಯನ್ನು ಬಲ್ಲವರು ಮೆಟ್ರೋ ಅಥವಾ ಬಸ್ಸನ್ನೇ ಆಯ್ದುಕೊಳ್ಳುತ್ತಾರೆ.

ಶಾಂತವಾಗಿ ನೋಡಬಯಸುವವರು ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಲೇಸು. ದೊಡ್ಡ ಪ್ರತಿಭಟನೆಗಳಿರುವ ದಿನ ಸುತ್ತಲಿನ ರಸ್ತೆಗಳಲ್ಲಿ ಸಂಚಾರ ಮಾರ್ಪಾಡು ಇರುತ್ತದೆಯಾದ್ದರಿಂದ ಅಂದಿನ ವೃತ್ತಪತ್ರಿಕೆಯನ್ನು ಗಮನಿಸಿ ಹೊರಡಬೇಕು. ವಿಧಾನಮಂಡಲದ ಅಧಿವೇಶನ ಬೆಂಗಳೂರಿನಲ್ಲಿ ನಡೆಯುವಾಗ ಇಂತಹ ದಿನಗಳು ಹೆಚ್ಚು. ಧ್ವನಿವರ್ಧಕದ ಸದ್ದು ಬೇಡವೆನ್ನುವವರಿಗೆ ಆ ದಿನಗಳು ಹಿಡಿಸಲಾರವು. ಊರು ತನ್ನ ಬೇಡಿಕೆಗಳನ್ನು ಹೇಗೆ ಮಂಡಿಸುತ್ತದೆ ಎಂಬುದನ್ನು ನೋಡಬಯಸುವವರಿಗೆ ಅವೇ ತಕ್ಕ ದಿನಗಳು.

ಹಳೆಯ ಗೋಡೆ ಮತ್ತು ಬ್ಯಾರಕ್‌ಗಳ ಮೇಲೆ ಹೆಸರು ಕೆತ್ತುವುದು, ಬರೆಯುವುದು, ಪ್ರತಿಮೆಗಳ ಮೇಲೆ ಹತ್ತುವುದು ಇವುಗಳನ್ನು ಮಾಡಬಾರದಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ. ಪ್ಲಾಸ್ಟಿಕ್ ತ್ಯಾಜ್ಯವನ್ನು ಹುಲ್ಲುಹಾಸಿನ ಮೇಲೆ ಬಿಡಬಾರದು.

ಸಮಯವಿರುವವರು ಇಲ್ಲಿಂದ ಮೈಸೂರು ಬ್ಯಾಂಕ್ ವೃತ್ತದವರೆಗೆ ನಡೆದು, 1942ರ ಆಗಸ್ಟ್‌ನಲ್ಲಿ ಗೋಲಿಬಾರಿಗೆ ಬಲಿಯಾದವರ ಸ್ಮಾರಕವನ್ನು ನೋಡಬಹುದು. ಅಂದು ಆ ವೃತ್ತದಲ್ಲಿ ಗುಂಡಿಗೆ ಸಿಕ್ಕದೆ ಉಳಿದು ಬಂಧಿತರಾದವರು ಸಾಗಿ ಬಂದದ್ದು ಈ ಉದ್ಯಾನದ ಕಡೆಗೆ. ನಡಿಗೆಯಲ್ಲಿ ಸುಮಾರು ಕಾಲು ಗಂಟೆಯ ಹಾದಿ.